ಸೀರಿಯಸ್ ಇನ್ಫೆಕ್ಷನ್ ಬಂದಾಗ ಆಂಟಿಬಯಾಟಿಕ್ ಆಯ್ಕೆ: ಎರಡನೇ ನಿರ್ಧಾರದ ಬಗ್ಗೆಯೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಆಂಟಿಬಯಾಟಿಕ್ ರೆಸಿಸ್ಟೆನ್ಸ್, ಅಂದ್ರೆ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದೇ ಇರೋದರ ಬಗ್ಗೆ ಪೇಪರಲ್ಲಿ ಏನೇ ಬಂದ್ರೂ ನಾನು ತಪ್ಪದೆ ಓದ್ತೀನಿ. ಹೆಚ್ಚಿನವು ನೆಗಡಿ ಕೆಮ್ಮಿಗೆಲ್ಲ ಆಂಟಿಬಯಾಟಿಕ್ ನುಂಗಬೇಡಿ, ಡಾಕ್ಟರ್ ಚೀಟಿ ಇಲ್ದೆ ಕೊಳ್ಳಬೇಡಿ ಅನ್ನೋ ಮಾತಿನ ಸುತ್ತಲೇ ಇರುತ್ವೆ. ಆ ಮಾತು ಸರಿ, ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಆದ್ರೆ ಆಸ್ಪತ್ರೆ ವಾರ್ಡಲ್ಲಿ ಕೆಲಸ ಮಾಡೋ ಫಿಸಿಶಿಯನ್ ಆಗಿ ನನ್ನನ್ನ ದಿನಾ ಕಾಡೋದು ಬೇರೆ ಪ್ರಶ್ನೆ. ಮನೆಯಲ್ಲಿದ್ದಾಗಲೇ ಹತ್ತಿದ ಇನ್ಫೆಕ್ಷನ್ ಜೋರಾಗಿ, ಬಿಪಿ ಬಿದ್ದು, ಉಸಿರು ಮೇಲೆ ಕೆಳಗೆ ಆಗಿ, ಮಾತು ತೊದಲ್ತಾ ಎಮರ್ಜೆನ್ಸಿಗೆ ಬಂದವರಿಗೆ ಯಾವ ಆಂಟಿಬಯಾಟಿಕ್ ಹಾಕಬೇಕು, ಎರಡು ಮೂರು ದಿನ ಆದ್ಮೇಲೆ ಅದನ್ನ ಮುಂದುವರಿಸ್ಬೇಕಾ, ಇಳಿಸ್ಬೇಕಾ, ನಿಲ್ಲಿಸ್ಬೇಕಾ ಅನ್ನೋ ಎರಡನೇ ನಿರ್ಧಾರ ಹೇಗೆ? ಇದು ಡಾಕ್ಟರ್ ತಲೆನೋವು, ನಮಗ್ಯಾಕೆ ಅಂತ ಓದುಗರು ಅನ್ಕೋಬಹುದು, ಆದ್ರೆ ಈ ನಿರ್ಧಾರದಲ್ಲಿ ಮನೆಯವರ ಪಾಲೂ ದೊಡ್ಡದಿದೆ, ಅದನ್ನ ಯಾರೂ ಅವರಿಗೆ ಹೇಳೋದಿಲ್ಲ, ಅದಕ್ಕೇ ಈ ಪತ್ರ.

ಮೊದಲು ತೊಂದರೆ ಎಲ್ಲಿದೆ ಅಂತ ಹೇಳಿಬಿಡ್ತೀನಿ. ಪೇಶಂಟ್ ಬಂದ ಹೊತ್ತಲ್ಲಿ ಯಾವ ರೋಗಾಣು ಅಂತ ನಮಗೆ ಗೊತ್ತಿರಲ್ಲ. ರಕ್ತ ಕಲ್ಚರ್‌ಗೆ ಹಾಕಿದ್ರೆ ಬ್ಯಾಕ್ಟೀರಿಯಾ ಬೆಳೆದು, ಅದರ ಹೆಸರು ಗೊತ್ತಾಗಿ, ಯಾವ ಮದ್ದಿಗೆ ಬಗ್ಗುತ್ತೆ ಅನ್ನೋ ರಿಪೋರ್ಟ್ ಕೈಗೆ ಬರೋಕೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅಲ್ಲಿ ತನಕ ಕಾಯೋ ಹಾಗಿಲ್ಲ, ಹಾಗಾಗಿ ಮೊದಲನೇ ಡೋಸ್ ಯಾವಾಗಲೂ ಒಂದು ಅಂದಾಜು. ಹಿಂದೆ ಈ ಅಂದಾಜು ಸುಲಭ ಇತ್ತು, ಮೂತ್ರದ ಇನ್ಫೆಕ್ಷನ್‌ಗೆ ಇಂಥದ್ದು, ನಿಮೋನಿಯಾಕ್ಕೆ ಇಂಥದ್ದು ಅಂತ ಕಣ್ಣು ಮುಚ್ಚಿ ಬರೆದ್ರೂ ಹೆಚ್ಚಿನ ಸಲ ಕೆಲಸ ಆಗ್ತಿತ್ತು. ಈಗ ಆಸ್ಪತ್ರೆ ಮೆಟ್ಟಿಲೇ ಹತ್ತದವರ ಮೂತ್ರದಲ್ಲೂ ಸೆಫ್‌ಟ್ರಯಾಕ್ಸೋನ್ ಅನ್ನೋ ಆಂಟಿಬಯಾಟಿಕ್‌ಗೆ ಜಗ್ಗದ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಸಿಗುತ್ತೆ. ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದು 2022ರಲ್ಲಿ ಪ್ರಕಟ ಆಯ್ತು, 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ರೆಸಿಸ್ಟೆಂಟ್ ಬ್ಯಾಕ್ಟೀರಿಯಾಗಳೇ ನೇರ ಕಾರಣ, ಸುಮಾರು 49.5 ಲಕ್ಷ ಸಾವುಗಳ ಜೊತೆ ಅವುಗಳ ನಂಟಿದೆ ಅಂತ ಅದರ ಲೆಕ್ಕ.

ಇಂಥ ಹೊತ್ತಲ್ಲಿ ಹೆದರಿಕೆ ಸಹಜ. ಮನೆಯವರು 'ಡಾಕ್ಟ್ರೇ, ಇರೋದ್ರಲ್ಲೇ ಪವರ್‌ಫುಲ್ ಇಂಜೆಕ್ಷನ್ ಹಾಕಿಬಿಡಿ' ಅಂತಾರೆ, ಡಾಕ್ಟರಿಗೂ ಎಲ್ಲಿ ತಪ್ಪಿಹೋಗುತ್ತೋ ಅನ್ನೋ ಭಯ ಇರುತ್ತೆ, ಎರಡೂ ಸೇರಿ ಬಂದವರಿಗೆಲ್ಲ ಮೊದಲ ದಿನದಿಂದಲೇ ಮೆರೋಪೆನೆಮ್ ಜೊತೆಗೆ ವ್ಯಾಂಕೋಮೈಸಿನ್ ಅಥವಾ ಟೀಕೋಪ್ಲಾನಿನ್ ಅನ್ನೋ ದೊಡ್ಡ ಇಂಜೆಕ್ಷನ್‌ಗಳು ಬೀಳುತ್ವೆ, ಅದೂ ಶುರು ಮಾಡಿದ್ದು ಡಿಸ್ಚಾರ್ಜ್ ತನಕ ಹಾಗೇ ಓಡ್ತಾ ಇರುತ್ತೆ. ಹೆದರಿಕೆಯಿಂದ ಆರಿಸಿದ ಮದ್ದು ಪೇಶಂಟನ್ನ ಕಾಪಾಡುತ್ತೆ ಅನ್ನೋದಕ್ಕೆ ಏನೂ ಗ್ಯಾರಂಟಿ ಇಲ್ಲ. ಎಷ್ಟೋ ಸಲ ಆ 'ಪವರ್‌ಫುಲ್' ಮದ್ದು ಗುರಿಯನ್ನ ಪೂರ್ತಿ ತಪ್ಪಿರುತ್ತೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆಂಟಿಬಯಾಟಿಕ್‌ಗಳಲ್ಲಿ ಒಂದು ಏಣಿ ಇದೆ, ಮೇಲೆ ಹೋದಷ್ಟೂ ಎಲ್ಲಾ ರೋಗಾಣುಗಳನ್ನೂ ಕೊಲ್ಲುತ್ತೆ ಅನ್ನೋ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಹಾಗೆ ಇಲ್ಲವೇ ಇಲ್ಲ. ಮೆರೋಪೆನೆಮ್ ಕೆಲಸ ಮಾಡೋದು ಬ್ಯಾಕ್ಟೀರಿಯಾದ ಗೋಡೆ ಕಟ್ಟೋದನ್ನ ತಡೆದು. ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗೆ ಆ ಗೋಡೆನೇ ಇಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಸಮಾವೇಶಕ್ಕೆ ಬಂದವರಲ್ಲಿ ನಿಮೋನಿಯಾ ಹಬ್ಬಿ ಅದರಿಂದ ಬೆಳಕಿಗೆ ಬಂದ ಲೀಜಿಯೊನೆಲ್ಲಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಕೂತಿರುತ್ತೆ, ಮೆರೋಪೆನೆಮ್ ಸೇರಿದಂತೆ ಪೆನಿಸಿಲಿನ್ ಜಾತಿಯ ಮದ್ದುಗಳು ಅಲ್ಲಿಗೆ ಸರಿಯಾಗಿ ತಲುಪಲ್ಲ. ಅದಕ್ಕೇ ಸೀರಿಯಸ್ ನಿಮೋನಿಯಾಕ್ಕೆ ಸೆಫ್‌ಟ್ರಯಾಕ್ಸೋನ್ ತರಹದ ಒಂದು ಮದ್ದಿನ ಜೊತೆ ಅಜಿತ್ರೊಮೈಸಿನ್ ತರಹದ ಇನ್ನೊಂದನ್ನ ಸೇರಿಸಿ ಕೊಡಿ ಅಂತ ಮಾರ್ಗಸೂಚಿಗಳು ಹೇಳೋದು. ಸ್ಕ್ರಬ್ ಟೈಫಸ್ ಇದಕ್ಕಿಂತ ಕಣ್ಣು ತೆರೆಸೋ ಉದಾಹರಣೆ. ಹುಲ್ಲು ಪೊದೆಗಳಲ್ಲಿರೋ ಸಣ್ಣ ಹುಳದ ಮರಿ ಕಚ್ಚಿ ಬರೋ ಈ ಜ್ವರ ಶ್ವಾಸಕೋಶ, ಕಿಡ್ನಿ, ಮಿದುಳು ಎಲ್ಲವನ್ನೂ ಕೆಡಿಸಿ ಪೇಶಂಟನ್ನ ಸೀದಾ ಐಸಿಯುಗೆ ತಂದು ಹಾಕುತ್ತೆ, ನೋಡೋಕೆ ಥೇಟ್ ಸೆಪ್ಸಿಸ್, ಅಂದ್ರೆ ಇನ್ಫೆಕ್ಷನ್ ಜೋರಾಗಿ ಅಂಗಾಂಗಗಳೇ ಕೆಡೋ ಸ್ಥಿತಿ. ಇದಕ್ಕೆ ಮೆರೋಪೆನೆಮ್ ಎಷ್ಟು ಸುರಿದ್ರೂ ಪ್ರಯೋಜನ ಇಲ್ಲ, ಬೇಕಾಗಿರೋದು ಡಾಕ್ಸಿಸೈಕ್ಲಿನ್ ಅನ್ನೋ ಹಳೇ ಮದ್ದು. ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ಒಟ್ಟಿಗೆ ಕೊಟ್ರೆ ಒಂದೊಂದೇ ಕೊಡೋದಕ್ಕಿಂತ ಒಳ್ಳೇದು ಅಂತ 2023ರಲ್ಲಿ ಪ್ರಕಟವಾದ ಟ್ರಯಲ್ ತೋರಿಸಿದೆ. ಹುಳ ಕಚ್ಚಿದ ಜಾಗದಲ್ಲಿ ಸಿಗರೇಟ್ ಸುಟ್ಟ ಹಾಗೆ ಕಪ್ಪು ಕಲೆ ಇರುತ್ತೆ, ಕಂಕುಳು, ತೊಡೆಸಂದಿ, ಸ್ತನದ ಕೆಳಗೆ ಹೀಗೆ ಮರೆಯಲ್ಲಿರುತ್ತೆ, ಎಲ್ಲರಲ್ಲೂ ಇರಲ್ಲ ನಿಜ, ಆದ್ರೆ ಬಟ್ಟೆ ಸರಿಸಿ ಮೈಯೆಲ್ಲಾ ನೋಡಿದ ಡಾಕ್ಟರಿಗೆ ಮಾತ್ರ ಸಿಗುತ್ತೆ. ಆ ಐದು ನಿಮಿಷದ ಪರೀಕ್ಷೆಯ ಬದಲಿಗೆ ಯಾವ ದುಬಾರಿ ಇಂಜೆಕ್ಷನ್ನೂ ನಿಲ್ಲೋದಿಲ್ಲ.

ಹಾಗೇ ಮಾಂಸವನ್ನೇ ಕೊಳೆಸ್ತಾ ಗಂಟೆಗಂಟೆಗೂ ಮೇಲೇರೋ ಚರ್ಮದ ಸೋಂಕು ತಗೊಳ್ಳಿ. ಅದನ್ನ ತರೋ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತೆ, ಅದು ಬಿಡೋ ವಿಷಾನ ಕಮ್ಮಿ ಮಾಡೋಕೆ ಕ್ಲಿಂಡಾಮೈಸಿನ್ ಸೇರಿಸ್ತೀವಿ, ಆದ್ರೆ ಜೀವ ಉಳಿಸೋದು ಸತ್ತ ಮಾಂಸಾನ ಬೇಗ ಕೊಯ್ದು ತೆಗೆಯೋ ಸರ್ಜನ್. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ ಅದರ ಹಿಂದೆ ಕೀವು ಕಟ್ಟಿದ್ರೂ ಅಷ್ಟೇ, ಮೊದಲು ದಾರಿ ಬಿಡಿಸಬೇಕು. ಮೂರು ದಿನ ಆದ್ರೂ ಜ್ವರ ಇಳಿದಿಲ್ಲ ಅಂದ ತಕ್ಷಣ 'ಆಂಟಿಬಯಾಟಿಕ್ ಚೇಂಜ್ ಮಾಡಿ' ಅನ್ನೋ ಮಾತು ಎರಡೂ ಕಡೆಯಿಂದ ಬರುತ್ತೆ, ಎಲ್ಲಾದ್ರೂ ಕೀವು ಉಳಿದಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡೋಣ ಅನ್ನೋದು ಆಮೇಲೆ ನೆನಪಾಗುತ್ತೆ.

ಇನ್ನೊಂದು ವಿಷಯ ಓದುಗರಿಗೆ ಆಶ್ಚರ್ಯ ಅನ್ನಿಸಬಹುದು. ಲ್ಯಾಬ್ ರಿಪೋರ್ಟಲ್ಲಿ 'ರೆಸಿಸ್ಟೆಂಟ್' ಅಂತ ಬಂದ್ರೆ ಅದು ಎಲ್ಲಾ ಜಾಗಕ್ಕೂ ಒಂದೇ ಅರ್ಥ ಅಲ್ಲ. ನಿಮೋನಿಯಾಕ್ಕೆ ತುಂಬಾ ಸಲ ಕಾರಣ ಆಗೋ ನ್ಯೂಮೊಕಾಕಸ್‌ನೇ ನೋಡಿ, ಒಂದೇ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿದ್ರೆ ಪೆನಿಸಿಲಿನ್ ಇಂಜೆಕ್ಷನ್‌ಗೆ ಬಗ್ಗುತ್ತೆ ಅಂತ ಲೆಕ್ಕ, ಮಿದುಳಿನ ಪೊರೆಗೆ ಹೋದ್ರೆ ಬಗ್ಗಲ್ಲ ಅಂತ ಲೆಕ್ಕ, ಯಾಕಂದ್ರೆ ಶ್ವಾಸಕೋಶಕ್ಕೆ ಮದ್ದು ಚೆನ್ನಾಗಿ ಹೋಗುತ್ತೆ, ಮಿದುಳಿನ ಸುತ್ತಲ ನೀರಿಗೆ ಸ್ವಲ್ಪ ಮಾತ್ರ ಇಳಿಯುತ್ತೆ. 2008ರಲ್ಲಿ ಅಮೆರಿಕದ ಲ್ಯಾಬ್ ಮಾನದಂಡಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಗಡಿ ಹಾಕಿದ್ರು, ಬ್ಯಾಕ್ಟೀರಿಯಾ ಬೆಳೆಯೋದನ್ನ ತಡೆಯೋಕೆ ಬೇಕಾದ ಮದ್ದಿನ ಗಡಿ ಮೆದುಳುಜ್ವರಕ್ಕೆ ಎಂಎಲ್‌ಗೆ 0.06, ಉಳಿದ ಕಡೆಗೆ 2 ಮೈಕ್ರೋಗ್ರಾಂ. ಅದಕ್ಕೇ ಬ್ಯಾಕ್ಟೀರಿಯಾ ಮೆದುಳುಜ್ವರದ ಅನುಮಾನ ಬಂದ್ರೆ ಮೊದಲ ಡೋಸಲ್ಲೇ ಸೆಫ್‌ಟ್ರಯಾಕ್ಸೋನ್ ಜೊತೆ ವ್ಯಾಂಕೋಮೈಸಿನ್ ಹಾಕ್ತೀವಿ, ವಯಸ್ಸು 50 ದಾಟಿದ್ರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ್ರೆ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ನೆನಪಿಟ್ಟು ಆಂಪಿಸಿಲಿನ್ನೂ ಸೇರಿಸ್ತೀವಿ, ಮೊದಲ ಡೋಸ್ ಜೊತೆಗೋ ಅದಕ್ಕೂ ಮುಂಚೆಯೋ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಹೋಗಬೇಕು. ಅಲ್ಲಿ ವ್ಯಾಂಕೋಮೈಸಿನ್ ಬೇಕೇ ಬೇಕು. ಅದೇ ಸಾಮಾನ್ಯ ನಿಮೋನಿಯಾದಲ್ಲಿ ಕಾರಣ ಇಲ್ದೆ ಅದನ್ನೇ ಹಾಕಿದ್ರೆ ಲಾಭ ಕಾಣಲ್ಲ, ಕಿಡ್ನಿಗೆ ಹೊರೆ. ಅಂದ್ರೆ ಆಯ್ಕೆ ನಿಂತಿರೋದು ಯಾವ ಜಾಗ, ಯಾವ ರೋಗಾಣು ಇರಬಹುದು, ಯಾರ ಮೈ ಅನ್ನೋದರ ಮೇಲೆ.

ನಾನು ದೊಡ್ಡ ಮದ್ದುಗಳ ವಿರೋಧಿ ಅಂತ ಯಾರೂ ತಿಳ್ಕೋಬೇಡಿ. ಬೇಕಾದವರಿಗೆ ಮೆರೋಪೆನೆಮ್ ತಡ ಮಾಡೋದೂ ಪ್ರಾಣಕ್ಕೆ ಕುತ್ತು. 2018ರಲ್ಲಿ ಬಂದ ಮೆರಿನೋ ಅನ್ನೋ ಟ್ರಯಲ್‌ನಲ್ಲಿ ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗದ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದವರಲ್ಲಿ ಅರ್ಧ ಜನಕ್ಕೆ ಮೆರೋಪೆನೆಮ್, ಅರ್ಧ ಜನಕ್ಕೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಕೊಟ್ರು, ಎರಡಕ್ಕೂ ಲ್ಯಾಬಲ್ಲಿ ಆ ಬ್ಯಾಕ್ಟೀರಿಯಾ ಬಗ್ಗುತ್ತೆ ಅಂತಲೇ ಇತ್ತು. ಮೂವತ್ತು ದಿನದೊಳಗೆ ಮೊದಲನೇ ಗುಂಪಲ್ಲಿ ಶೇ 3.7, ಎರಡನೇ ಗುಂಪಲ್ಲಿ ಶೇ 12.3 ಜನ ತೀರಿಕೊಂಡ್ರು. ಹಾಗಾಗಿ ಕೇಳಬೇಕಾದ ಪ್ರಶ್ನೆ, ಎದುರಿಗೆ ಮಲಗಿರೋ ಈ ವ್ಯಕ್ತಿಯ ಮೈಯಲ್ಲಿ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಇರೋ ಸಾಧ್ಯತೆ ಎಷ್ಟು?

ಅದಕ್ಕೆ ಉತ್ತರ ಸಿಗೋದು ಮುಖ್ಯವಾಗಿ ಹಿಂದಿನ ಮೂರು ತಿಂಗಳ ಕಥೆಯಲ್ಲಿ. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ರಾ, ಅಲ್ಲಿ ಡ್ರಿಪ್ ಮೂಲಕ ಆಂಟಿಬಯಾಟಿಕ್ ಹೋಗಿತ್ತಾ, ಹಿಂದೆ ಯಾವುದಾದ್ರೂ ಕಲ್ಚರ್‌ನಲ್ಲಿ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಸಿಕ್ಕಿತ್ತಾ, ಮೂತ್ರದ ಕೊಳವೆ ಹಾಕಿದ್ರಾ, ಮನೆಯಲ್ಲೇ ಯಾವ ಮಾತ್ರೆ ನುಂಗಿದ್ರು. ಒಂದು ಕೋರ್ಸ್ ಆಂಟಿಬಯಾಟಿಕ್ ತಗೊಂಡವರ ಮೈಯಲ್ಲಿ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಸಿಗೋ ಸಾಧ್ಯತೆ ಮೊದಲ ತಿಂಗಳಲ್ಲಿ ತುಂಬಾ ಜಾಸ್ತಿ, ಒಂದು ವರ್ಷದ ತನಕವೂ ಆ ಪರಿಣಾಮ ಉಳಿಯಬಹುದು ಅಂತ 2010ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ನೆಗಡಿಗೆ ಅಂತ ನುಂಗಿದ ಮಾತ್ರೆಯ ಬೆಲೆ ಇಲ್ಲಿ ಗೊತ್ತಾಗೋದು, ಸೀರಿಯಸ್ ಆದ ದಿನ ಸುಲಭದ ಮದ್ದು ಅದೇ ವ್ಯಕ್ತಿಗೆ ಕೈ ಕೊಡಬಹುದು.

ಮೊದಲು ಇದನ್ನ ತೀರಾ ಒರಟಾಗಿ ಲೆಕ್ಕ ಹಾಕ್ತಿದ್ರು. 2005ರ ಅಮೆರಿಕದ ಮಾರ್ಗಸೂಚಿಯಲ್ಲಿ ವೃದ್ಧಾಶ್ರಮದಿಂದ ಬಂದವರು, ಡಯಾಲಿಸಿಸ್ ಮಾಡಿಸಿಕೊಳ್ಳೋರು ಹೀಗೆ ಆರೋಗ್ಯ ಸೇವೆಯ ಸಂಪರ್ಕ ಇದ್ದವರಿಗೆಲ್ಲ ನಿಮೋನಿಯಾ ಬಂದ್ರೆ ಎಂಆರ್‌ಎಸ್‌ಎ, ಸ್ಯೂಡೊಮೊನಾಸ್ ಅನ್ನೋ, ಸಾಮಾನ್ಯ ಮದ್ದುಗಳಿಗೆ ಬಗ್ಗದ ಎರಡು ಬ್ಯಾಕ್ಟೀರಿಯಾಗಳಿಗೂ ಸೇರಿಸಿ ಮದ್ದು ಕೊಡಿ ಅಂತ ಇತ್ತು. ವರ್ಷಗಟ್ಟಲೆ ಹಾಗೇ ಮಾಡಿದ್ರು, ದೊಡ್ಡ ಮದ್ದುಗಳ ಬಳಕೆ ಏರಿತು, ಪೇಶಂಟ್‌ಗಳು ಅದರಿಂದ ಜಾಸ್ತಿ ಬದುಕಿದ್ದು ಕಾಣಲಿಲ್ಲ. 2019ರಲ್ಲಿ ಅದನ್ನ ಕೈಬಿಟ್ಟು, ಆ ರೋಗಾಣು ಹಿಂದೆ ಸಿಕ್ಕಿದ್ರೆ, ಅಥವಾ 90 ದಿನದೊಳಗೆ ಆಸ್ಪತ್ರೆಯಲ್ಲಿದ್ದು ಡ್ರಿಪ್ ಆಂಟಿಬಯಾಟಿಕ್ ತಗೊಂಡಿದ್ರೆ ಅದನ್ನ ನೋಡಿ, ನಿಮ್ಮ ಜಾಗದ ಲೆಕ್ಕ ಇಟ್ಕೊಂಡು ನಿರ್ಧಾರ ಮಾಡಿ, ಕಲ್ಚರ್ ಕಳಿಸಿ, ಎರಡು ದಿನದಲ್ಲಿ ಏನೂ ಬೆಳೀಲಿಲ್ಲ ಅಂದ್ರೆ, ಪೇಶಂಟೂ ಸುಧಾರಿಸ್ತಿದ್ರೆ ಆ ಹೆಚ್ಚುವರಿ ಮದ್ದು ನಿಲ್ಲಿಸಿ ಅಂದ್ರು. ನನಗೆ ಆ ಮಾರ್ಗಸೂಚಿಯಲ್ಲಿ ತುಂಬಾ ಬೆಲೆಬಾಳೋದು ಅನ್ನಿಸೋದು ಆ ಕೊನೆ ಮಾತು, ನಿಲ್ಲಿಸಿ ಅನ್ನೋದು.

ಇಲ್ಲಿ ಮನೆಯವರಿಗೆ ನನ್ನ ಕಳಕಳಿಯ ವಿನಂತಿ. ಎಮರ್ಜೆನ್ಸಿಗೆ ಓಡಿ ಬರೋವಾಗ ಹಿಂದಿನ ಡಿಸ್ಚಾರ್ಜ್ ಸಮ್ಮರಿ, ಕಲ್ಚರ್ ರಿಪೋರ್ಟ್, ಖಾಲಿ ಆಗಿರೋ ಮಾತ್ರೆ ಸ್ಟ್ರಿಪ್ ಸಿಕ್ಕಿದ್ದನ್ನೆಲ್ಲ ಒಂದು ಕವರಿಗೆ ಹಾಕ್ಕೊಂಡು ಬನ್ನಿ, ಫೋನಲ್ಲಿ ಫೋಟೋ ಇದ್ರೂ ಸಾಕು. 'ಯಾವುದೋ ಬಿಳಿ ಮಾತ್ರೆ, ಮೂರು ದಿನ ಕೊಟ್ವಿ' ಅಂದ್ರೆ ನಮಗೆ ಏನೂ ತಿಳಿಯಲ್ಲ. ಚೀಟಿ ಇಲ್ದೆ ತಗೊಂಡಿದ್ರೂ ಮುಚ್ಚಿಡಬೇಡಿ, ಬೈಸ್ಕೋತೀವಿ ಅಂತ ಮುಚ್ಚಿಟ್ಟ ಆ ಒಂದು ವಿಷಯದಿಂದ ಮೊದಲ ಡೋಸ್ ತಪ್ಪಾಗಬಹುದು, ಕೇಳೋ ಡಾಕ್ಟರ್ ಕೂಡ ಬೈಯೋ ದನಿಯಲ್ಲಿ ಕೇಳಬಾರದು. ಪೆನಿಸಿಲಿನ್ ಅಲರ್ಜಿ ವಿಷಯನೂ ಹೀಗೇ. ಚಿಕ್ಕವರಿದ್ದಾಗ ಇಂಜೆಕ್ಷನ್ ಆದ್ಮೇಲೆ ವಾಂತಿ ಆಯ್ತು, ತಲೆ ಸುತ್ತು ಬಂತು ಅನ್ನೋದೆಲ್ಲ ಜೀವನಪೂರ್ತಿ ಅಲರ್ಜಿ ಅಂತ ಫೈಲಲ್ಲಿ ಕೂತುಬಿಡುತ್ತೆ. ಹಾಗೆ ಬರೆಸಿಕೊಂಡವರನ್ನ ಸರಿಯಾಗಿ ಟೆಸ್ಟ್ ಮಾಡಿದ್ರೆ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಅಲರ್ಜಿ ಇರಲ್ಲ. ಆ ಒಂದು ಪದದಿಂದ ಅವರಿಗೆ ಒಳ್ಳೇ ಮದ್ದು ತಪ್ಪಿ ಬೇರೆ ಮದ್ದು ಹೋಗುತ್ತೆ, 2018ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಇಂಥವರಿಗೆ ಮುಂದೆ ಎಂಆರ್‌ಎಸ್‌ಎ ಬರೋ ಅಪಾಯ ಶೇ 69ರಷ್ಟು ಜಾಸ್ತಿ ಕಂಡಿತ್ತು. ಮೈಯೆಲ್ಲಾ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ, ಎಷ್ಟು ಹೊತ್ತಿಗೆ ಬಂತು, ಆಮೇಲೆ ಅದೇ ಜಾತಿಯ ಮಾತ್ರೆ ತಗೊಂಡು ಏನೂ ಆಗಿಲ್ಲವಾ, ಇಷ್ಟು ಹೇಳಿದ್ರೆ ಡಾಕ್ಟರಿಗೆ ದೊಡ್ಡ ಸಹಾಯ.

ಈಗ ಸಮಯದ ಮಾತು. ಸೆಪ್ಸಿಸ್ ಅಂದ್ರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಅಂತ ಎಲ್ಲರೂ ಕೇಳಿರ್ತಾರೆ. ಬಿಪಿ ಬಿದ್ದು ಶಾಕ್‌ನಲ್ಲಿದ್ರೆ, ಅಥವಾ ಸೆಪ್ಸಿಸ್ಸೇ ಅಂತ ಹೆಚ್ಚುಕಮ್ಮಿ ಖಚಿತ ಇದ್ರೆ ಅದು ಪೂರ್ತಿ ನಿಜ, ಅಲ್ಲಿ ಯೋಚನೆ ಮಾಡ್ತಾ ಕೂರೋ ಹಾಗಿಲ್ಲ. ಆದ್ರೆ 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೇ ಇನ್ನೊಂದು ಮಾತನ್ನೂ ಹೇಳುತ್ತೆ, ಶಾಕ್ ಇಲ್ಲ, ಇನ್ಫೆಕ್ಷನ್ ಹೌದೋ ಅಲ್ಲವೋ ಅಂತ ಅನುಮಾನ ಇದೆ ಅಂದ್ರೆ ಬೇಗ ಬೇಗ ಪರೀಕ್ಷೆ ಮಾಡಿ, ಅನುಮಾನ ಹೋಗದಿದ್ರೆ ಮೂರು ಗಂಟೆಯೊಳಗೆ ಶುರು ಮಾಡಿ ಅಂತ. ಆ ಮೂರು ಗಂಟೆಯಲ್ಲಿ ಎಕ್ಸ್‌ರೇ ಆಗುತ್ತೆ, ಮಲೇರಿಯಾ ಡೆಂಗಿ ನೋಡಬಹುದು, ಹಳೇ ರಿಪೋರ್ಟ್ ತರಿಸಬಹುದು, ಹಾರ್ಟ್ ಫೇಲ್ಯೂರ್‌ನಿಂದ ಬಂದ ಉಸಿರಾಟದ ತೊಂದರೆನಾ ಅಂತ ತಿಳಿಯುತ್ತೆ. ಶಾಕ್‌ನಲ್ಲಿರೋರಿಗೆ ಇರೋ ನಿಯಮಾನ ಎಲ್ಲರ ಮೇಲೂ ಹೇರಿದ್ದರಿಂದಲೇ ಎಷ್ಟೋ ಅನಗತ್ಯ ಇಂಜೆಕ್ಷನ್‌ಗಳು ಹೋಗ್ತಿವೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಎಷ್ಟೇ ಅವಸರ ಇದ್ರೂ ಬಿಡಬಾರದ ಒಂದು ಕೆಲಸ ಅಂದ್ರೆ ಮೊದಲ ಡೋಸಿಗೆ ಮುಂಚೆ ರಕ್ತದ ಕಲ್ಚರ್. 2019ರಲ್ಲಿ ಕೆನಡಾ, ಅಮೆರಿಕದ ಆಸ್ಪತ್ರೆಗಳಲ್ಲಿ ಒಂದೇ ಪೇಶಂಟ್‌ಗಳಿಂದ ಆಂಟಿಬಯಾಟಿಕ್‌ಗೆ ಮುಂಚೆ ಒಂದು ಸಲ, ಕೊಟ್ಟು ಎರಡು ಗಂಟೆಯೊಳಗೆ ಇನ್ನೊಂದು ಸಲ ರಕ್ತ ತೆಗೆದು ನೋಡಿದ್ರು, ಮುಂಚೆ ತೆಗೆದಿದ್ರಲ್ಲಿ ಶೇ 31ರಷ್ಟು ಜನರಲ್ಲಿ ಬ್ಯಾಕ್ಟೀರಿಯಾ ಸಿಕ್ತು, ಆಮೇಲೆ ತೆಗೆದಿದ್ರಲ್ಲಿ ಶೇ 19 ಮಾತ್ರ. ಒಂದೇ ಡೋಸಿಗೆ ಇಷ್ಟು ಸಾಕ್ಷಿ ಅಳಿಸಿಹೋಗುತ್ತೆ. ಅದೂ ಒಂದು ಬಾಟಲಿಗೆ ಎರಡು ಎಂಎಲ್ ಹಾಕಿ ಕಳಿಸಿದ್ರೆ ಆಗಲ್ಲ, ದೊಡ್ಡವರಿಗೆ ಬಾಟಲಿಗೆ 8ರಿಂದ 10 ಎಂಎಲ್, ಎರಡು ಬೇರೆ ಬೇರೆ ಜಾಗದಿಂದ, ಚರ್ಮ ಚೆನ್ನಾಗಿ ಒರೆಸಿ ತೆಗೀಬೇಕು. 'ಇಷ್ಟೊಂದು ರಕ್ತ ಯಾಕೆ ತೆಗೀತೀರಾ' ಅಂತ ಮನೆಯವರು ಗಾಬರಿ ಆಗೋದನ್ನ ನೋಡಿದ್ದೀನಿ. ಆ ರಕ್ತವೇ ಮೂರನೇ ದಿನ ನಿಮ್ಮವರ ಮದ್ದನ್ನ ಸರಿ ಮಾಡೋದು, ದಯವಿಟ್ಟು ತೆಗೆಯೋಕೆ ಬಿಡಿ, ತೆಗೀದೇ ಇದ್ರೆ ನೀವೇ ಕೇಳಿ.

ಕಲ್ಚರ್ ಇದ್ರೆ ತಾನೇ ಎರಡನೇ ನಿರ್ಧಾರ ಸಾಧ್ಯ, ನಾನು ಪತ್ರ ಬರೀತಿರೋದೇ ಮುಖ್ಯವಾಗಿ ಅದರ ಬಗ್ಗೆ. ಮೊದಲ ದಿನ ಅಂದಾಜಲ್ಲಿ ವಿಶಾಲವಾಗಿ ಶುರು ಮಾಡೋದು ತಪ್ಪಲ್ಲ, ಶಾಕ್‌ನಲ್ಲಿರೋ ಮನುಷ್ಯನಿಗೆ ಹಾಗೇ ಮಾಡ್ಬೇಕು, ಡೋಸೂ ಪೂರ್ತಿ ಇರಬೇಕು, ಕಿಡ್ನಿ ಸರಿ ಇಲ್ಲ ಅಂತ ಮೊದಲ ಡೋಸನ್ನೇ ಕಮ್ಮಿ ಮಾಡಬಾರದು. ಆದ್ರೆ 48ರಿಂದ 72 ಗಂಟೆಗೆ ಯಾರಾದ್ರೂ ಕೂತು ಪೂರ್ತಿ ಕೇಸನ್ನ ಮತ್ತೆ ನೋಡಲೇಬೇಕು. ಇ. ಕೋಲೈ ಬೆಳೆದಿದೆ, ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗುತ್ತೆ ಅಂತ ರಿಪೋರ್ಟ್ ಬಂದ ಮೇಲೂ ಮೆರೋಪೆನೆಮ್ ಓಡಿಸೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಮೂಗಿನ ಸ್ವ್ಯಾಬ್ ಪಿಸಿಆರ್‌ನಲ್ಲಿ ಎಂಆರ್‌ಎಸ್‌ಎ ಇಲ್ಲ ಅಂತ ಬಂದ್ರೆ ಆ ನಿಮೋನಿಯಾ ಎಂಆರ್‌ಎಸ್‌ಎಯಿಂದ ಬಂದಿರೋ ಸಾಧ್ಯತೆ ತೀರಾ ಕಮ್ಮಿ, ಅದಕ್ಕೆ ಅಂತ ಶುರು ಮಾಡಿದ ವ್ಯಾಂಕೋಮೈಸಿನ್ ಅವತ್ತೇ ನಿಲ್ಲಿಸಬಹುದು. ಇಷ್ಟು ಗೊತ್ತಿದ್ರೂ ಯಾಕೆ ನಿಲ್ಲಿಸಲ್ಲ? 'ಸುಧಾರಿಸ್ತಿದ್ದಾರಲ್ಲ, ಈಗ ಯಾಕೆ ಮುಟ್ಟೋದು' ಅನ್ನೋ ಯೋಚನೆ, ಇಳಿಸಿದ ಮೇಲೆ ಏನಾದ್ರೂ ಆದ್ರೆ ನನ್ನ ತಲೆಗೇ ಬರುತ್ತೆ ಅನ್ನೋ ಭಯ, ಕಮ್ಮಿ ಬೆಲೆ ಮದ್ದಿಗೆ ಬಂದ್ರು ಅಂದ್ರೆ ಕೈಬಿಟ್ರು ಅಂತ ಮನೆಯವರು ತಿಳ್ಕೊಳ್ಳೋದು, ಮೂರೂ ಸೇರುತ್ವೆ. ದಯವಿಟ್ಟು ಓದುಗರು ಇದನ್ನ ತಿಳ್ಕೊಳ್ಳಿ, ನಿಮ್ಮ ಡಾಕ್ಟರ್ ಮೂರನೇ ದಿನ ಬಂದು 'ರಿಪೋರ್ಟ್ ಬಂತು, ಇನ್ಮೇಲೆ ದೊಡ್ಡ ಇಂಜೆಕ್ಷನ್ ಬೇಡ, ಇದು ಸಾಕು' ಅಂದ್ರೆ ಅವರು ನಿಮ್ಮ ಕೇಸನ್ನ ಗಮನ ಇಟ್ಟು ನೋಡ್ತಿದ್ದಾರೆ ಅಂತ ಅರ್ಥ. ಅವರನ್ನ ಅನುಮಾನದಿಂದ ನೋಡಬೇಡಿ.

ಕೆಲವೊಮ್ಮೆ ಉಲ್ಟಾ ತೊಂದರೆ ಬರುತ್ತೆ. ಕಫದಲ್ಲೋ ಮೂತ್ರದಲ್ಲೋ ಏನೋ ಬೆಳೆದ ತಕ್ಷಣ ಅದಕ್ಕೆ ಹೊಸ ಮದ್ದು ಸೇರಿಸೋದು. ಉರಿ ನೋವು ಜ್ವರ ಏನೂ ಇಲ್ದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರೋದು ವಯಸ್ಸಾದವರಲ್ಲಿ, ಕೊಳವೆ ಹಾಕಿದವರಲ್ಲಿ ಸಾಮಾನ್ಯ, ಅದನ್ನ ಬೆನ್ನಟ್ಟಿ ಕೊಲ್ಲೋ ಅಗತ್ಯ ಹೆಚ್ಚಿನವರಿಗೆ ಇಲ್ಲ, ಗರ್ಭಿಣಿಯರ ವಿಷಯ ಬೇರೆ. ಹಾಗೇ ಟಿಬಿ ಜಾಸ್ತಿ ಇರೋ ಕಡೆ ನಿಮೋನಿಯಾ ಅಂತ ಲೀವೊಫ್ಲಾಕ್ಸಾಸಿನ್ ಶುರು ಮಾಡೋಕೆ ಮುಂಚೆ ಎರಡು ಸಲ ಯೋಚಿಸಬೇಕು, ಆ ಮದ್ದು ಟಿಬಿ ಮೇಲೂ ಅರ್ಧಂಬರ್ಧ ಕೆಲಸ ಮಾಡುತ್ತೆ, ನಾಕು ದಿನ ಜ್ವರ ಇಳಿಯುತ್ತೆ, ಟಿಬಿ ಪತ್ತೆ ವಾರಗಟ್ಟಲೆ ತಡ ಆಗುತ್ತೆ, ಟಿಬಿಗೇ ಬೇಕಾದ ಆ ಮದ್ದಿಗೆ ರೆಸಿಸ್ಟೆನ್ಸೂ ಹುಟ್ಟಬಹುದು.

ಎಷ್ಟು ದಿನ ಅನ್ನೋದು ಎರಡನೇ ನಿರ್ಧಾರದ್ದೇ ಇನ್ನೊಂದು ಭಾಗ. 14 ದಿನ ಕೊಟ್ರೆ ಭದ್ರ ಅನ್ನೋ ಅಭ್ಯಾಸ ನಮ್ಮಲ್ಲಿ ಬೇರೂರಿದೆ. 2024ರಲ್ಲಿ ಬಂದ ಬ್ಯಾಲೆನ್ಸ್ ಟ್ರಯಲ್‌ನಲ್ಲಿ ಏಳು ದೇಶಗಳ 3,600ಕ್ಕೂ ಹೆಚ್ಚು ಪೇಶಂಟ್‌ಗಳನ್ನ ನೋಡಿದ್ರು, ಎಲ್ಲರಿಗೂ ರಕ್ತದಲ್ಲೇ ಬ್ಯಾಕ್ಟೀರಿಯಾ ಇತ್ತು, ಅರ್ಧಕ್ಕಿಂತ ಹೆಚ್ಚು ಜನ ಐಸಿಯುನಲ್ಲಿದ್ರು, 7 ದಿನದ ಚಿಕಿತ್ಸೆ 14 ದಿನದ್ದಕ್ಕಿಂತ ಏನೂ ಕಮ್ಮಿ ಇರಲಿಲ್ಲ. 90 ದಿನದಲ್ಲಿ ತೀರಿಕೊಂಡವರು 7 ದಿನದ ಗುಂಪಲ್ಲಿ ಶೇ 14.5, 14 ದಿನದ ಗುಂಪಲ್ಲಿ ಶೇ 16.1. ಸ್ಟೆಫಿಲೊಕಾಕಸ್ ಆರಿಯಸ್ ರಕ್ತದಲ್ಲಿರೋರು, ತೀರಾ ರೋಗನಿರೋಧಕ ಶಕ್ತಿ ಕುಗ್ಗಿದವರು, ಹೃದಯದ ಕವಾಟಕ್ಕೆ ಸೋಂಕು ಹತ್ತಿದವರು ಇದರಲ್ಲಿ ಸೇರಿರಲಿಲ್ಲ, ಅವರಿಗೆ ಹೆಚ್ಚು ದಿನ ಬೇಕು. ಕೀವು ಉಳಿದಿದ್ರೂ ಅಷ್ಟೇ. ನಿಮೋನಿಯಾದಲ್ಲಿ ಜ್ವರ, ಉಸಿರು, ಬಿಪಿ ಹತೋಟಿಗೆ ಬಂದಿದ್ರೆ ಹೆಚ್ಚಿನವರಿಗೆ 5ರಿಂದ 7 ದಿನ ಸಾಕು. ಡಾಕ್ಟರೇ ಕೋರ್ಸ್ ಚಿಕ್ಕದು ಮಾಡಿ ನಿಲ್ಲಿಸಿದ್ರೆ ಅದು 'ಅರ್ಧಕ್ಕೆ ನಿಲ್ಲಿಸೋದು' ಅಲ್ಲ.

ಆಸ್ಪತ್ರೆ ನಡೆಸೋರಿಗೂ ಒಂದು ಮಾತಿದೆ. ಪ್ರತಿ ಲ್ಯಾಬ್‌ನಲ್ಲೂ ವರ್ಷಪೂರ್ತಿಯ ಕಲ್ಚರ್ ರಿಪೋರ್ಟ್‌ಗಳಿವೆ, ಅವನ್ನ ಒಟ್ಟು ಮಾಡಿದ್ರೆ ಯಾವ ಬ್ಯಾಕ್ಟೀರಿಯಾ ಯಾವ ಮದ್ದಿಗೆ ನೂರಕ್ಕೆ ಎಷ್ಟು ಬಗ್ಗುತ್ತೆ ಅನ್ನೋ ಪಟ್ಟಿ ಸಿಗುತ್ತೆ, ಇದಕ್ಕೆ ಆಂಟಿಬಯೋಗ್ರಾಮ್ ಅಂತಾರೆ. ಐಸಿಯು ಲೆಕ್ಕ, ಹೊರಗಿಂದ ಬಂದವರ ಲೆಕ್ಕ ಎರಡನ್ನೂ ಬೇರೆ ಬೇರೆ ಮಾಡಿ ಹಾಕಬೇಕು, ಕಲಸಿ ಹಾಕಿದ್ರೆ ಐಸಿಯುನ ಭಯಾನಕ ಅಂಕಿಗಳನ್ನ ನೋಡಿ ಮನೆಯಿಂದ ಬಂದವರಿಗೂ ದೊಡ್ಡ ಮದ್ದೇ ಬೀಳುತ್ತೆ. ಪಟ್ಟಿ ಮೈಕ್ರೋಬಯಾಲಜಿ ವಿಭಾಗದ ಕಂಪ್ಯೂಟರಲ್ಲಿ ಮಲಗಿದ್ರೆ ಉಪಯೋಗ ಇಲ್ಲ, ರಾತ್ರಿ ಡ್ಯೂಟಿ ಮಾಡೋ ಜೂನಿಯರ್ ಡಾಕ್ಟರ್ ಕೈಗೆ ಸಿಗಬೇಕು, ಮೊದಲ ಡೋಸ್ ಬರೆಯೋದು ಹೆಚ್ಚಿನ ಸಲ ಅವರೇ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನ ಸುಲಭವಾಗಿ ಬಳಸಬಹುದಾದವು, ಎಚ್ಚರಿಕೆಯಿಂದ ಬಳಸಬೇಕಾದವು, ಕಡೆಗೆ ಅಂತ ಕಾಯ್ದಿಡಬೇಕಾದವು ಅಂತ ಮೂರು ಗುಂಪು ಮಾಡಿದೆ, ಮನುಷ್ಯರಿಗೆ ಬಳಸೋ ಒಟ್ಟು ಆಂಟಿಬಯಾಟಿಕ್‌ನಲ್ಲಿ ಶೇ 70ರಷ್ಟಾದ್ರೂ ಮೊದಲ ಗುಂಪಿನದ್ದೇ ಇರಬೇಕು ಅಂತ 2024ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ದೇಶಗಳು 2030ಕ್ಕೆ ಗುರಿ ಹಾಕ್ಕೊಂಡಿವೆ. ಆ ಗುರಿ ಮುಟ್ಟೋದು ಇಂಥ ಪಟ್ಟಿ ಕೈಲಿದ್ದಾಗ ಮಾತ್ರ, ಇಲ್ಲದಿದ್ರೆ ಹೆದರಿಕೆನೇ ಚೀಟಿ ಬರೆಯುತ್ತೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಐವಿ ಆಂಟಿಬಯಾಟಿಕ್ಸ್ ನೀಡಲಾಯಿತು' ಅಂತ ಒಂದೇ ಸಾಲು ಬರೆದು ಕಳಿಸೋದನ್ನ ದಯವಿಟ್ಟು ನಿಲ್ಲಿಸಿ. ಯಾವ ಮದ್ದು, ಯಾವ ತಾರೀಕಿಂದ ಯಾವ ತಾರೀಕಿನ ತನಕ, ಕಲ್ಚರ್‌ನಲ್ಲಿ ಏನು ಬೆಳೀತು, ಯಾವುದಕ್ಕೆ ಬಗ್ಗಲಿಲ್ಲ, ಅಲರ್ಜಿ ಇದ್ರೆ ಏನಾಗಿತ್ತು, ಇಷ್ಟು ಬರೀರಿ, ಕಲ್ಚರ್ ರಿಪೋರ್ಟಿನ ಕಾಪಿಯನ್ನೂ ಪಿನ್ ಮಾಡಿ ಕೊಡಿ. ಡಿಸ್ಚಾರ್ಜ್ ಆದ್ಮೇಲೆ ರಿಪೋರ್ಟ್ ಬಂದ್ರೆ ಮನೆಯವರಿಗೆ ಫೋನ್ ಮಾಡಿ ಹೇಳಿ. ಮುಂದಿನ ಸಲ ಅದೇ ವ್ಯಕ್ತಿ ಇನ್ನೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದಾಗ ಅಲ್ಲಿರೋ ಡಾಕ್ಟರಿಗೆ ಸಿಗೋ ಸುಳಿವು ಅದೊಂದೇ. ಮನೆಯವರೂ ಬಿಲ್ ಕೇಳಿ ಪಡೆಯೋ ಹಾಗೇ ಆ ಕಾಪಿಯನ್ನೂ ಕೇಳಿ ಪಡೀರಿ.

ಇಂತಿ,
ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡೋ ಫಿಸಿಶಿಯನ್, ನಿಮ್ಮ ಪತ್ರಿಕೆಯ ಓದುಗ